ದುಬಾರಿ ಸ್ಪೀಕರ್, ನಮ್ಮ ಹಾಲ್ ಮತ್ತು ಆಳದ ಬೇಸ್

ಲಕ್ಷಗಟ್ಟಲೆ ಸುರಿದು ಎದೆಯೆತ್ತರದ ಸ್ಪೀಕರ್ ಜೋಡಿಯನ್ನು ಮನೆಗೆ ತಂದವರು, ಬೇಸ್ (ತಗ್ಗಿನ ಸ್ವರಗಳ ದನಿ) ಗುಂಯ್ಗುಡುತ್ತದೆ ಎಂದು ಬೇಸತ್ತು, ಅದಕ್ಕೆ ಮದ್ದಾಗಿ ಇನ್ನಷ್ಟು ದುಬಾರಿ ಕೇಬಲ್ಲನ್ನೋ ಆಂಪ್ಲಿಫೈಯರನ್ನೋ ಹುಡುಕಿ ಹೊರಡುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸೆಕೆಂಡಿಗೆ 80 ಕಂಪನ, ಅಂದರೆ ಸುಮಾರು 80 ಹರ್ಟ್ಜ್‌ಗಿಂತ ಕೆಳಗೆ ನಮ್ಮ ಕಿವಿಗೆ ಬೀಳುವುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಕೋಣೆ. ಹಣವೂ ಗಮನವೂ ಮೊದಲು ಅಲ್ಲಿಗೆ ಸಲ್ಲಬೇಕು ಎಂಬುದು ನನ್ನ ದೃಢವಾದ ನಂಬಿಕೆ.

ಸ್ಪೀಕರಿನ ಕಡೆಯ ಕಷ್ಟವೇನೂ ಸಣ್ಣದಲ್ಲ. ದನಿಯ ಗಟ್ಟಿತನ ಕುಗ್ಗದಂತೆ 40 ಹರ್ಟ್ಜ್‌ನಿಂದ 20ಕ್ಕೆ ಇಳಿಯಬೇಕಾದರೆ ಬೇಸ್ ನುಡಿಸುವ ವೂಫರ್ ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕಾಗುತ್ತದೆ. ಚಿಕ್ಕ ಪೆಟ್ಟಿಗೆ, ಆಳದ ಬೇಸ್, ಕಡಿಮೆ ವಾಟ್‌ನಲ್ಲೇ ಗಟ್ಟಿ ದನಿ, ಈ ಮೂರೂ ಒಟ್ಟಿಗೆ ಸಿಗುವುದಿಲ್ಲ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್, ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡು ಎಆರ್-1 ಸ್ಪೀಕರನ್ನು ರೂಪಿಸಿದಾಗ ಮೊದಲೆರಡನ್ನು ಪಡೆದು ಮೂರನೆಯದನ್ನು ಬಿಟ್ಟುಕೊಟ್ಟರು. ಆಮೇಲೆ ಎಂಜಿನಿಯರುಗಳಾದ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ಪೆಟ್ಟಿಗೆಯ ಲೆಕ್ಕಾಚಾರವನ್ನು ಶಾಸ್ತ್ರಬದ್ಧಗೊಳಿಸಿದ್ದರಿಂದ, ಒಳ್ಳೆಯ ತಯಾರಕರಿಗೆ ಇಂದು ಈ ವಿದ್ಯೆ ಕರಗತವಾಗಿದೆ.

ಆದರೆ 20 ಹರ್ಟ್ಜ್ ಅಲೆಯ ಉದ್ದ ಸುಮಾರು 17 ಮೀಟರ್, ಅಂದರೆ ನಮ್ಮ ಕೋಣೆಗಳಿಗಿಂತ ಎಷ್ಟೋ ದೊಡ್ಡದು. ಎದುರುಬದುರು ಗೋಡೆಗಳ ನಡುವೆ ಯಾವ ಅಲೆಯ ಅರ್ಧ ಸರಿಯಾಗಿ ಹಿಡಿಸುತ್ತದೋ ಆ ದನಿ ಅಲ್ಲಿ ಉಬ್ಬುತ್ತದೆ. 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಹಾಲಿನಲ್ಲಿ ಸುಮಾರು 37, 47 ಮತ್ತು 56 ಹರ್ಟ್ಜ್‌ಗಳ ಬಳಿ ದನಿ ಗೋಡೆಗಳ ನಡುವೆ ಸಿಕ್ಕಿಕೊಂಡು ಉಬ್ಬುತ್ತದೆ. ಬೇಸ್ ಗಿಟಾರಿನ ಎಫ್ ಶಾರ್ಪ್ ಎಂಬ ಸ್ವರ 46 ಹರ್ಟ್ಜ್‌ನಲ್ಲಿದೆ. ವಾದಕ ಎಲ್ಲ ಸ್ವರಗಳನ್ನೂ ಒಂದೇ ತೂಕದಲ್ಲಿ ಮೀಟಿದ್ದರೂ ಅದು ಮೈದುಂಬಿ ಎದ್ದು ನಿಲ್ಲುತ್ತದೆ. ಅಮೆರಿಕದ ಮರದ ಚೌಕಟ್ಟಿನ ಗೋಡೆಗಳು ತಾವೂ ಕಂಪಿಸಿ ಬೇಸನ್ನು ಒಂದಿಷ್ಟು ಹೀರಿಕೊಳ್ಳುತ್ತವೆ. ನಮ್ಮ ಇಟ್ಟಿಗೆ ಗೋಡೆ ಮತ್ತು ಆರ್‌ಸಿಸಿ ಸೂರು ಅದನ್ನು ಬಹುಪಾಲು ಹಾಗೆಯೇ ಹಿಂದಿರುಗಿಸುತ್ತವೆ.

20ರಿಂದ 100 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ದನಿಯೊಂದನ್ನು ನುಡಿಸಿ ನೋಡಿ. 37ರ ಆಸುಪಾಸಿನಲ್ಲಿ ಷೋಕೇಸಿನ ಗಾಜು ಗಲಗಲ ಅಲುಗುತ್ತಿದ್ದರೂ ಹಾಲಿನ ನಟ್ಟನಡುವೆ ಕುಳಿತವರಿಗೆ ಬೇಸ್ ಅಡಗಿಹೋದಂತಿರುತ್ತದೆ. ಅವರೇ ಎದ್ದು ಹಿಂಗೋಡೆಗೆ ಒರಗಿದರೆ ಅದು ಎದೆಗೆ ಬಂದು ಗುದ್ದುತ್ತದೆ. ಹೀಗೆ ಉಬ್ಬಿದ್ದನ್ನು ಈಕ್ವಲೈಜರಿನಿಂದ (ಆಯ್ದ ಹರ್ಟ್ಜ್ ಬಳಿಯ ದನಿಯನ್ನಷ್ಟೇ ಏರಿಸಿ ಇಳಿಸುವ ಸಾಧನ) ತಗ್ಗಿಸಬಹುದು. ಅಡಗಿದ್ದನ್ನು ಅದರಿಂದ ತುಂಬಿಸಹೊರಟರೆ ವೂಫರಿಗೆ ವೃಥಾ ಶ್ರಮ. ಅಲ್ಲಿ ಸೋಫಾವನ್ನೇ ಜರುಗಿಸಬೇಕು.

ಈ ಕಾರಣದಿಂದಲೇ ನಾನು ನಮ್ಮ ಅಳತೆಯ ಮನೆಗಳಿಗೆ ಭಾರೀ ಸ್ಪೀಕರ್‌ಗಳ ಬದಲು, ಸ್ಟ್ಯಾಂಡಿನ ಮೇಲಿಡುವ ಒಳ್ಳೆಯ ಜೋಡಿಯೊಂದನ್ನೂ ಆಳದ ಬೇಸನ್ನಷ್ಟೇ ನುಡಿಸುವ, ಮುಚ್ಚಿದ ಪೆಟ್ಟಿಗೆಯ ಎರಡು ಸಬ್‌ವೂಫರ್‌ಗಳನ್ನೂ ಒತ್ತಾಯಪೂರ್ವಕವಾಗಿ ಸೂಚಿಸುತ್ತೇನೆ. ಗಾಯಕರು ಎದುರಿಗೇ ಕುಳಿತು ಹಾಡಿದಂತೆ ಕೇಳಿಸಬೇಕಾದರೆ ಸ್ಪೀಕರ್ ಇರಬೇಕಾದ ಜಾಗವೇ ಬೇರೆ, ಬೇಸ್ ಸಮನಾಗಿ ಹರಡುವ ಜಾಗವೇ ಬೇರೆ. ಒಂದೇ ಪೆಟ್ಟಿಗೆ ಎರಡೂ ಕಡೆ ನಿಲ್ಲಲಾರದು. ಎರಡು ಸಬ್‌ವೂಫರ್‌ಗಳನ್ನು ಎದುರುಬದುರು ಗೋಡೆಗಳ ನಡುಭಾಗದಲ್ಲಿಟ್ಟರೆ ಒಂದು ಆಸನಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಬಹಳಷ್ಟು ಇಳಿಯುತ್ತದೆ.

ಕೊಳ್ಳುವ ಮೊದಲು ನೀವು ಏನನ್ನು ಕೇಳುತ್ತೀರಿ ಎಂಬುದನ್ನೂ ಯೋಚಿಸಿ. ಸಿ ಶ್ರುತಿಯಲ್ಲಿ ಹಾಡುವ ಗಾಯಕರ ತಂಬೂರದ ಮಂದ್ರ ಷಡ್ಜವೇ ಸುಮಾರು 65 ಹರ್ಟ್ಜ್. ಕರ್ನಾಟಕ ಸಂಗೀತವೊಂದನ್ನೇ ಕೇಳುವವರು 20 ಹರ್ಟ್ಜ್‌ಗಾಗಿ ಸಾಲ ಮಾಡಬೇಕಿಲ್ಲ. ಚರ್ಚುಗಳ ದೊಡ್ಡ ಪೈಪ್ ಆರ್ಗನ್ 16 ಹರ್ಟ್ಜ್‌ವರೆಗೂ ಇಳಿಯುತ್ತದೆ. ಅಂಥದ್ದನ್ನು ಪ್ರೀತಿಸುವವರಿಗೆ ಸಬ್‌ವೂಫರಿನ ಖರ್ಚು ಖಂಡಿತ ಸಾರ್ಥಕ.