ತಾರೀಖು ಜನರಲ್ ಸಾಹೇಬರದು

ಮೈಸೂರಿನ ಬನ್ನಿಮಂಟಪದ ಕಾರ್ಖಾನೆ 1962ರಿಂದ ಮತದಾರರ ಬೆರಳಿಗೆ ಶಾಯಿ ಒದಗಿಸುತ್ತಿದೆ. 10 ಮಿಲಿಲೀಟರಿನ ಒಂದು ಸೀಸೆ ಹೆಚ್ಚುಕಡಿಮೆ 700 ಬೆರಳಿಗೆ ಸಾಕು. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನ ಜೊತೆ ಸೇರಿ, ಬೆಳಕು ಬಿದ್ದಂತೆ ಕಪ್ಪಾಗುತ್ತದೆ. ಬೆರಳಿಗೆ ಎಣ್ಣೆ ಸವರಿಕೊಂಡು ಬರುವ ಜಾಣರೂ ಇರುತ್ತಾರೆ. ಅವರ ಬೆರಳನ್ನು ಬಟ್ಟೆಯಲ್ಲಿ ಒರೆಸಿಯೇ ಹಚ್ಚಬೇಕು, ಇಲ್ಲದಿದ್ದರೆ ಹಿಡಿಯದು. ಇಷ್ಟೆಲ್ಲ ಕಾವಲು ಒಬ್ಬನೇ ಎರಡು ಓಟು ಹಾಕದಿರಲಿ ಅಂತ. ಒಬ್ಬನೇ 250 ಓಟು ಇಟ್ಟುಕೊಂಡು ಕೂತರೆ? ಅದಕ್ಕೆ ಮೈಸೂರಿನಲ್ಲೂ ಮದ್ದಿಲ್ಲ.

ಟ್ಯಾಂಕ್ ಹತ್ತಿ ಗದ್ದುಗೆಗೆ ಬಂದವರು ಚುನಾವಣೆ ಮಾಡುವ ಕ್ರಮವೇ ಬೇರೆ. ಮೊದಲು ವಾಯಿದೆ ಹೇಳಬೇಕು. 1977ರ ಜುಲೈನಲ್ಲಿ ಪಾಕಿಸ್ತಾನದ ಜಿಯಾ ಉಲ್ ಹಕ್ 90 ದಿನ ಎಂದರು. ಚುನಾವಣೆ ಆದದ್ದು 1985ರ ಫೆಬ್ರವರಿಯಲ್ಲಿ, ಅದೂ ಪಕ್ಷಗಳನ್ನು ಹೊರಗಿಟ್ಟು. ನಮ್ಮ ಕಡೆ ದೆವ್ವ ಬಾರದಿರಲೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, ಅದನ್ನೇ ಇವರು ಮತಪೆಟ್ಟಿಗೆಯ ಮೇಲೆ ಬರೆದರು. ನಡುವೆ 1984ರ ಡಿಸೆಂಬರಿನಲ್ಲಿ ಒಂದು ಜನಮತಗಣನೆ. ಕೇಳಿದ್ದು, ದೇಶದ ಕಾನೂನು ಇಸ್ಲಾಮಿಗೆ ಅನುಗುಣವಾಗಿರುವುದು ನಿಮಗೆ ಒಪ್ಪಿಗೆಯೇ ಎಂದು. ಹೌದು ಅಂದರೆ ಜಿಯಾ ಇನ್ನೂ ಐದು ವರ್ಷ ಅಧ್ಯಕ್ಷರು. ಬೇಡ ಅನ್ನುವ ಎದೆಗಾರಿಕೆ ಯಾರಿಗಿದೆ ಸ್ವಾಮಿ!

ಲೆಕ್ಕದಲ್ಲಿ ಮಾತ್ರ ಥಾಯ್ಲೆಂಡಿನವರನ್ನು ಮೀರಿಸಿದವರಿಲ್ಲ. 2014ರ ಮೇನಲ್ಲಿ ಕ್ಷಿಪ್ರಕ್ರಾಂತಿ, ಮರುವರ್ಷವೇ ಚುನಾವಣೆ ಎಂಬ ಭರವಸೆ, ನಡೆದದ್ದು 2019ರ ಮಾರ್ಚ್ 24ರಂದು. ಅಷ್ಟರಲ್ಲಿ ಹೊಸ ಸಂವಿಧಾನ ಸಿದ್ಧ: ಪ್ರಧಾನಿಯನ್ನು ಆರಿಸಲು ಜನ ಗೆಲ್ಲಿಸಿದ 500 ಸಂಸದರ ಜೊತೆ ಸೇನಾಡಳಿತ ನೇಮಿಸಿದ 250 ಸೆನೆಟರುಗಳೂ ಕೈಯೆತ್ತುವ ಏರ್ಪಾಡು, 2024ರವರೆಗೆ. 750ರಲ್ಲಿ ಬಹುಮತಕ್ಕೆ 376 ಬೇಕಿತ್ತು. 250 ಮೊದಲೇ ಜೇಬಿನಲ್ಲಿದ್ದರೆ ಸಂಸದರಲ್ಲಿ ಹುಡುಕಬೇಕಾದದ್ದು ಬರೀ 126. ಕ್ಷಿಪ್ರಕ್ರಾಂತಿ ಮಾಡಿದ್ದ ಜನರಲ್ ಪ್ರಯುತ್ ಅವರೇ ಗೆದ್ದರು, ಬಿಡಿ. ಮಂಡ್ಯದಲ್ಲಿ ಪಂಚಾಯಿತಿಗೆ ನಿಂತು ಬೀದಿ ಬೀದಿ ಕೈಮುಗಿಯುವವರಿಗೆ ಇಂಥ ಭಾಗ್ಯ ಕನಸಿನಲ್ಲೂ ಇಲ್ಲ.

ಮ್ಯಾನ್ಮಾರಿನವರು ಎದುರಾಳಿಯನ್ನೇ ಪಟ್ಟಿಯಿಂದ ತೆಗೆದರು. 2020ರಲ್ಲಿ ಗೆದ್ದಿದ್ದ ಆಂಗ್ ಸಾನ್ ಸೂಕಿಯವರ ಪಕ್ಷ ಮರುನೋಂದಣಿ ಮಾಡಿಸಲಿಲ್ಲವೆಂದು 2023ರಲ್ಲಿ ರದ್ದು, ನಾಯಕಿ ಜೈಲಿನಲ್ಲಿ. 2021ರಲ್ಲಿ ಅಧಿಕಾರ ಕಿತ್ತುಕೊಂಡ ಸೇನೆ ಹೇರಿದ ಒಂದು ವರ್ಷದ ತುರ್ತುಸ್ಥಿತಿ ಆರಾರು ತಿಂಗಳು ಹಿಗ್ಗಿ ನಾಲ್ಕೂವರೆ ವರ್ಷವಾಯಿತು. 2025ರ ಡಿಸೆಂಬರ್ 28ರಿಂದ ಹಂತಹಂತವಾಗಿ ಮತದಾನ ನಡೆಯಿತು. ಸೇನೆಯ ಹಿಡಿತವಿಲ್ಲದ ಊರುಗಳಲ್ಲಿ ಮತಗಟ್ಟೆಯೇ ಇರಲಿಲ್ಲ. ಸಂಸತ್ತಿನ ಕಾಲುಭಾಗ ಸೀಟು ಸೇನೆಗೇ ಮೀಸಲು, ಸಂವಿಧಾನ ತಿದ್ದಲು ಮುಕ್ಕಾಲು ಭಾಗಕ್ಕಿಂತ ಹೆಚ್ಚು ಓಟು ಬೇಕು. ಬೀಗವೂ ಅವರದೇ, ಕೀಲಿಯೂ ಅವರದೇ.

ಆಫ್ರಿಕಾದ ಮಾಲಿಯಲ್ಲಿ ಇಷ್ಟು ತಾಪತ್ರಯವೂ ಇಲ್ಲ. 2024ರ ಫೆಬ್ರವರಿಯ ಚುನಾವಣೆ 'ತಾಂತ್ರಿಕ ಕಾರಣ'ಕ್ಕೆ ಮುಂದಕ್ಕೆ ಹೋಯಿತು. 2025ರ ಜುಲೈನಲ್ಲಿ ಅಲ್ಲಿನ ಸೇನಾಡಳಿತದ ಮುಖ್ಯಸ್ಥ ಅಸಿಮಿ ಗೊಯಿತಾ ಅವರಿಗೆ ಐದು ವರ್ಷದ ಅಧ್ಯಕ್ಷಗಿರಿ ಮಂಜೂರು, ಓಟಿಲ್ಲದೆ ಮತ್ತೆ ಮತ್ತೆ ನವೀಕರಿಸಿಕೊಳ್ಳಬಹುದು. ಜನರನ್ನು ಬಿಸಿಲಲ್ಲಿ ಸಾಲು ನಿಲ್ಲಿಸದ ಪುಣ್ಯಾತ್ಮರು ಇವರೊಬ್ಬರೇ.