ಜಾಯಿನಿಂಗ್ ಡೇಟ್ ಕೂಡ ದುಡ್ಡಿನ ಮಾತೇ

ಹೊಸ ಕೆಲಸದ ಆಫರ್ ಬಂದಾಗ ಎಚ್‌ಆರ್ ಫೋನ್ ಮಾಡಿ "ವರ್ಷಕ್ಕೆ ಹದಿನೆಂಟು ಲಕ್ಷ, ಓಕೆನಾ?" ಅಂದ ಕೂಡಲೇ ಹೂಂ ಅನ್ನಬೇಡಿ. "ಸಂಬಳದ ಬ್ರೇಕಪ್ ಮೇಲ್ ಮಾಡಿ ಮೇಡಂ, ನೋಡಿ ನಾಳೆ ಹೇಳ್ತೀನಿ" ಅನ್ನಿ. ಅದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ.

ಆ 18 ಲಕ್ಷವನ್ನು ಒಮ್ಮೆ ಬಿಡಿಸಿ ನೋಡಿ. ಶೇ 10 ವೇರಿಯಬಲ್ (ಕೆಲಸದ ಫಲಿತಾಂಶ ನೋಡಿ ಕೊಡುವ ಭಾಗ) ಅಂದರೆ 1,80,000. ಬೇಸಿಕ್ ತಿಂಗಳಿಗೆ 75,000 ಇದ್ದು ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟಿದರೆ ಕಂಪನಿಯ ಪಾಲು ಶೇ 12, ವರ್ಷಕ್ಕೆ 1,08,000. ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಸಿಗುವ ಸೇವಾ ಮೊತ್ತ) ಬೇಸಿಕ್‌ನ ಶೇ 4.81, ಅಂದರೆ 43,290. ಇಷ್ಟೂ ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚಿನ ಒಳಗೇ ಇರುತ್ತದೆ. ಉಳಿದದ್ದನ್ನು 12ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 1,22,400. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 9,000, ಪ್ರೊಫೆಷನಲ್ ಟ್ಯಾಕ್ಸ್ 200 ಕಳೆದರೆ ಕೈಗೆ 1,13,200, ಅದೂ ಟಿಡಿಎಸ್‌ಗೆ (ಸಂಬಳದಲ್ಲೇ ಹಿಡಿಯುವ ಆದಾಯ ತೆರಿಗೆ) ಮೊದಲು. ಒಂದೂವರೆ ಲಕ್ಷ ಬರುತ್ತದೆ ಅಂದುಕೊಂಡು ಹೊಸ ಮನೆಗೆ ಅಡ್ವಾನ್ಸ್ ಕೊಟ್ಟವರಿಗೆ ಮೊದಲ ಪೇ ಸ್ಲಿಪ್‌ನಲ್ಲೇ ಏಟು ಬೀಳುತ್ತದೆ.

ಆದ್ದರಿಂದ ಹೆಚ್ಚು ಕೇಳುವುದಾದರೆ ಫಿಕ್ಸೆಡ್, ಅಂದರೆ ಖಚಿತವಾಗಿ ಬರುವ ಭಾಗ ಕೇಳಿ. "ಬ್ಯಾಂಡ್ ಮುಗಿದಿದೆ" (ಆ ಹುದ್ದೆಯ ಸಂಬಳದ ಮಿತಿ ಮುಟ್ಟಿದೆ) ಅಂದರೆ ವೇರಿಯಬಲ್‌ನ ಅರ್ಧ ಭಾಗ ಫಿಕ್ಸೆಡ್‌ಗೆ ಹಾಕಲು ಕೇಳಿ. ಜಾಯಿನಿಂಗ್ ಬೋನಸ್ ಕೊನೆಯ ಆಯ್ಕೆ. ಅದು ಒಂದೇ ಸಲ ಬರುವ ದುಡ್ಡು, ಮುಂದಿನ ವರ್ಷದ ಹೈಕ್ (ಸಂಬಳ ಏರಿಕೆ) ಲೆಕ್ಕಕ್ಕೆ ಸೇರುವುದಿಲ್ಲ. ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕೆಂಬ ಷರತ್ತೂ ಸಾಮಾನ್ಯ. ವಾಪಸ್ ಕೊಡಬೇಕಾದ್ದು ಟ್ಯಾಕ್ಸ್ ಕಳೆದ ಮೊತ್ತವೋ ಪೂರ್ತಿಯೋ, ಆಫರ್ ಲೆಟರ್‌ನಲ್ಲಿ ಓದಿ.

ಹೆಚ್ಚಿನವರು ಎಡವುವುದು ಡೇಟ್ ವಿಷಯದಲ್ಲಿ. ಹಳೆಯ ಕಂಪನಿಯಲ್ಲಿ ರಾಜೀನಾಮೆಯ ನಂತರ 90 ದಿನದ ನೋಟಿಸ್ ಇಟ್ಟುಕೊಂಡು "30 ದಿನದಲ್ಲಿ ಬರ್ತೀನಿ" ಅಂತ ಒಪ್ಪಿಕೊಳ್ಳುತ್ತಾರೆ, ಬೈಔಟ್ (ಉಳಿದ ನೋಟಿಸ್ ದಿನಗಳಿಗೆ ದುಡ್ಡು ಕಟ್ಟಿ ಬೇಗ ಬಿಡುವುದು) ಇದೆಯಲ್ಲ ಅನ್ನುವ ಧೈರ್ಯದ ಮೇಲೆ. ಹಳೆಯ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಡಿ. ಬೈಔಟ್ ಕಂಪನಿಯ ಇಚ್ಛೆಗೆ ಬಿಟ್ಟದ್ದು ಎಂಬ ಸಾಲು ಎಷ್ಟೋ ಲೆಟರ್‌ಗಳಲ್ಲಿ ಇರುತ್ತದೆ. ದುಡ್ಡು ಕಟ್ಟುತ್ತೀನಿ ಅಂದರೂ ಮ್ಯಾನೇಜರ್ ಬಿಡದಿದ್ದರೆ ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆಯ ಪತ್ರ) ಸಿಕ್ಕಿಹಾಕಿಕೊಳ್ಳುತ್ತದೆ. ಬೈಔಟ್ ಲೆಕ್ಕ ಬೇಸಿಕ್ ಮೇಲೋ ಗ್ರಾಸ್ (ಕಡಿತಕ್ಕೆ ಮೊದಲಿನ ಪೂರ್ತಿ ಸಂಬಳ) ಮೇಲೋ ಅನ್ನುವುದರಲ್ಲೇ ಮೊತ್ತ ದುಪ್ಪಟ್ಟಾಗಬಹುದು. ಹೊಸ ಕಂಪನಿ ಅದನ್ನು ಭರಿಸುತ್ತೇವೆ ಅಂದರೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಕ್ರಮ ಹೀಗಿರಲಿ: ಸಹಿ ಆದ ಆಫರ್ ಲೆಟರ್ ಕೈಗೆ ಬಂದ ಮೇಲೆ ರಾಜೀನಾಮೆ, ಮ್ಯಾನೇಜರ್‌ನಿಂದ ಕೊನೆಯ ದಿನ ಮೇಲ್‌ನಲ್ಲಿ ಖಚಿತವಾದ ಮೇಲೆ ಹೊಸ ಕಡೆ ಅಂತಿಮ ತಾರೀಖು. ಅಲ್ಲಿಯವರೆಗೆ "90 ದಿನ, ಬೇಗ ಬಿಟ್ಟರೆ ತಿಳಿಸ್ತೀನಿ" ಅಂದರೆ ಸಾಕು.

ತಾರೀಖು ಆರಿಸುವಾಗ ಪೇರೋಲ್ ಕಟ್‌ಆಫ್, ಅಂದರೆ ಆ ತಿಂಗಳ ಸಂಬಳದ ಪಟ್ಟಿ ಮುಚ್ಚುವ ದಿನ ಯಾವತ್ತು ಅಂತ ಕೇಳಿ. ಅದು 20 ಆಗಿದ್ದು ನೀವು 22ಕ್ಕೆ ಸೇರಿದರೆ ಮೊದಲ ಸಂಬಳ ಮುಂದಿನ ತಿಂಗಳ ಕೊನೆಗೆ. ಹಳೆಯ ಕಂಪನಿ ಕೊನೆಯ ತಿಂಗಳ ಸಂಬಳವನ್ನು ಫುಲ್ ಅಂಡ್ ಫೈನಲ್‌ಗೆ (ಕೆಲಸ ಬಿಟ್ಟ ಮೇಲಿನ ಕೊನೆಯ ಲೆಕ್ಕ ಚುಕ್ತಾ) ಹಿಡಿದಿಟ್ಟರೆ ಆ ಮಧ್ಯೆ ಬಾಡಿಗೆ, ಇಎಂಐ ಎಲ್ಲಿಂದ? ಎರಡು ತಿಂಗಳ ಖರ್ಚು ಮೊದಲೇ ತೆಗೆದಿಡಿ. ಏಪ್ರಿಲ್ ಹೈಕ್‌ಗೆ ಯಾವ ತಾರೀಖಿನೊಳಗೆ ಸೇರಿರಬೇಕು ಅಂತಲೂ ಕೇಳಿ. ನಾಲ್ಕು ದಿನ ತಡವಾಗಿ ಸೇರಿ ಒಂದು ವರ್ಷದ ಹೈಕ್ ಕಳೆದುಕೊಳ್ಳುವುದು ನಿಜಕ್ಕೂ ಅನ್ಯಾಯ.

ವರ್ಷದ ಮಧ್ಯೆ ಬದಲಾಯಿಸಿದರೆ ಹಳೆಯ ಸಂಬಳ, ಟಿಡಿಎಸ್ ವಿವರವನ್ನು ಹೊಸ ಪೇರೋಲ್‌ಗೆ ಮೊದಲ ತಿಂಗಳೇ ಕೊಡಿ. ಕೊಡದಿದ್ದರೆ ಹೊಸ ತೆರಿಗೆ ಪದ್ಧತಿಯ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಲೆಕ್ಕಕ್ಕೆ ಮೊದಲು ಸಂಬಳದಿಂದ ಕಳೆಯುವ ಮೊತ್ತ) ಎರಡೂ ಕಡೆ ಹಿಡಿದಿರುತ್ತಾರೆ, ತೆರಿಗೆಯ ಸ್ಲ್ಯಾಬ್ ಲೆಕ್ಕವೂ ಎರಡು ಸಲ ಕೆಳಗಿನಿಂದಲೇ ಶುರುವಾಗಿರುತ್ತದೆ. ರಿಟರ್ನ್ ಹಾಕುವಾಗ ಬಾಕಿ ತೆರಿಗೆ ಬಡ್ಡಿ ಸಮೇತ ಒಟ್ಟಿಗೆ ಬರುತ್ತದೆ.