ಪ್ಲಾಸ್ಟಿಕ್ ಚೀಲದ ಸುಪ್ರಭಾತ

ನ್ಯೂಜಿಲೆಂಡಿನ ಕೆಪ್ಲರ್ ಟ್ರ್ಯಾಕಿನಲ್ಲಿ ಒಂಟಿಯಾಗಿ ನಡೆಯುವುದು ಕಷ್ಟವಲ್ಲ. 60 ಕಿಲೋಮೀಟರಿನ ಸುತ್ತು, ಚೊಕ್ಕಟ ದಾರಿ. ಕಷ್ಟವಿರುವುದು ರಾತ್ರಿ ತಂಗುವ ಹಟ್‌ಗಳಲ್ಲಿ. 1,085 ಮೀಟರ್ ಎತ್ತರದ ಲಕ್ಸ್‌ಮೋರ್ ಹಟ್‌ಗೆ ಏದುಸಿರು ಬಿಡುತ್ತಾ ಏರಿ, ಬಂಕಿನ ಮೇಲೆ ಸ್ಲೀಪಿಂಗ್ ಬ್ಯಾಗ್ ಬಿಡಿಸಿ ಮಲಗಿದರೆ, ನಾಲ್ಕು ಗಂಟೆಗೇ ಶುರು: ಚರ್, ಪರ್, ಚರಪರ. ಪಕ್ಕದ ಮಹಾಶಯ ಚೀಲದೊಳಗಿನ ಚೀಲದೊಳಗಿನ ಚೀಲದಲ್ಲಿ ಒಂದು ಕಾಲುಚೀಲ ಹುಡುಕುತ್ತಿದ್ದಾನೆ. ಮೆಲ್ಲಗೆ ಬಿಚ್ಚಿದರೆ ಸದ್ದಾಗುವುದಿಲ್ಲವೆಂಬ ನಂಬಿಕೆ ಬೇರೆ. ಒಂದೇ ಸಲ ಪರ್ರನೆ ಹರಿದುಬಿಡಬಾರದೇ, ಪುಣ್ಯಾತ್ಮ!

ಗೊರಕೆಯವರನ್ನು ಕ್ಷಮಿಸಬಹುದು, ಪಾಪ, ಅದು ಅವರ ಕೈಯಲ್ಲಿಲ್ಲ. ಇವನ ಹಣೆಗೆ ಕಟ್ಟಿದ ದೀಪವೋ, ಅವನು ತಲೆ ತಿರುಗಿಸಿದಾಗಲೆಲ್ಲ ನೇರ ನನ್ನ ಕಣ್ಣಿಗೆ. ಅಂಥ ಎಷ್ಟೋ ದೀಪಗಳಲ್ಲಿ ಮಂದವಾದ ಕೆಂಪು ಬೆಳಕೂ ಇರುತ್ತದೆ. ಅದರ ಗುಂಡಿ ಒತ್ತುವವರನ್ನು ನಾನಿನ್ನೂ ಕಂಡಿಲ್ಲ. ಗಂಟುಮೂಟೆಯನ್ನು ರಾತ್ರಿಯೇ ಕಟ್ಟಿಡಬಹುದು. ಇಲ್ಲವೇ ಅಡುಗೆಕೋಣೆಗೆ ಹೊತ್ತೊಯ್ದು ಕಟ್ಟಬಹುದು, ಆ ಹೊತ್ತಿಗೆ ಅಲ್ಲಿನ ಮೇಜುಗಳೆಲ್ಲ ಖಾಲಿ.

ಇಷ್ಟೆಲ್ಲ ಮಾಡಿ ಬೇಗ ಹೊರಟನೇ? ಎಲ್ಲಿಯ ಮಾತು! ಏಳು ಗಂಟೆಗೆ ಕಣ್ಣುಜ್ಜಿಕೊಳ್ಳುತ್ತಾ ಹೋದರೆ ಗ್ಯಾಸ್ ಒಲೆಯ ಪಕ್ಕ ಕಾಫಿ ಹೀರುತ್ತಾ ಕುಳಿತಿದ್ದಾನೆ. ಮೇಲಿಂದ "ನಿದ್ದೆ ಚೆನ್ನಾಗಿ ಬಂತೇ?" ಎಂಬ ಉಪಚಾರ.